ಮುಂದಿನ ಚಕ್ರ ಒಂದು ಡಿಗ್ರಿ ವಾಲಿತ್ತು: ಅಪಘಾತವಾದ ಬೈಕೊಂದರ ಪ್ರಕರಣ ಅಧ್ಯಯನ

ಒಂದೇ ಬೈಕ್, ಒಂದೇ ಅಪಘಾತ. ರಿಪೇರಿಗೆ ಎಷ್ಟಾಗಬಹುದು ಎಂದು ಕೇಳಿದರೆ ಒಂದು ಸಣ್ಣ ಗ್ಯಾರೇಜಿನವರು 28 ಅಂದರು, ಕಂಪನಿ ವರ್ಕ್‌ಶಾಪಿನವರು 94 ಅಂದರು. ಇಲ್ಲಿ ಹಣದ ಹೆಸರು ಬೇಡ. ಬೀಳುವ ಹಿಂದಿನ ದಿನ ಆ ಬೈಕ್ ಮಾರಿದ್ದರೆ ಎಷ್ಟು ಬರುತ್ತಿತ್ತೋ ಅದನ್ನು 100 ಎಂದು ಇಟ್ಟುಕೊಂಡಿದ್ದೇನೆ. ಮುಂದೆ ಬರುವ ವೆಚ್ಚಗಳೆಲ್ಲ ಆ ನೂರರ ಲೆಕ್ಕದಲ್ಲೇ ಇವೆ. ನಿಮ್ಮ ಬೈಕಿಗೆ ನಿಮ್ಮ ನೂರು ಹಾಕಿಕೊಂಡು ಓದಿ.

ಬೈಕ್ ನನ್ನ ಚಿಕ್ಕಪ್ಪನ ಮಗನದು. ಆರು ವರ್ಷ ಹಳೆಯದು. ಎರಡು ಸಿಲಿಂಡರ್ ಎಂಜಿನ್, ಮುಂದೆ ರೇಡಿಯೇಟರ್, ಉಕ್ಕಿನ ಪೈಪಿನ ಚಾಸಿ, ಅಲಾಯ್ ಚಕ್ರ, ಎಬಿಎಸ್. ಸರ್ವೀಸ್ ಬಿಲ್ಲುಗಳನ್ನೆಲ್ಲ ಒಂದು ಕವರಿನಲ್ಲಿ ಜೋಡಿಸಿಟ್ಟಿದ್ದ. ಫುಲ್ ಇನ್ಶೂರೆನ್ಸ್ ಇತ್ತು. ಸ್ವಂತ ದುಡಿಮೆಯಲ್ಲಿ ಕೊಂಡ ಮೊದಲ ಬೈಕ್ ಅದು. ಈ ಮಾತಿಗೆ ಲೆಕ್ಕದ ಹಾಳೆಯಲ್ಲಿ ಜಾಗ ಇಲ್ಲ. ಆದರೆ ತೀರ್ಮಾನ ಮಾಡುವಾಗ ತಲೆ ತುಂಬ ಅದೇ ಇರುತ್ತದೆ, ಅಲ್ವಾ?

ಡಿಕ್ಕಿ

ನೇರ ರಸ್ತೆ. ಎದುರಿನಿಂದ ಬಂದ ಕಾರು ಇವನನ್ನು ನೋಡದೆ ಅಡ್ಡ ತಿರುಗಿತು. ಇವನು ಬ್ರೇಕ್ ಹಿಡಿದ. ನಿಲ್ಲುವಷ್ಟು ಜಾಗ ಇರಲಿಲ್ಲ. ಬೈಕಿನ ಮುಂದಿನ ಚಕ್ರ ಕಾರಿನ ಮುಂಬದಿಯ ಪಕ್ಕಕ್ಕೆ ಓರೆಯಾಗಿ ಹೊಡೆಯಿತು. ಆಮೇಲೆ ಬೈಕ್ ಬಲಕ್ಕೆ ಬಿದ್ದು ಸ್ವಲ್ಪ ದೂರ ಉಜ್ಜಿಕೊಂಡು ಹೋಯಿತು. ಇವನಿಗೆ ಕಾಲರ್ ಬೋನ್ ಮುರಿಯಿತು. ಹೆಲ್ಮೆಟ್ ಒಂದು ಕಡೆ ಗೀಚಿತ್ತು ಅಷ್ಟೇ. ಆದರೂ ಅದನ್ನು ಮತ್ತೆ ಹಾಕಲು ನಾನು ಬಿಡಲಿಲ್ಲ. ಒಳಗಿನ ಥರ್ಮೋಕೋಲ್ ಥರದ ಪದರ ಒಂದು ಸಲ ಜಜ್ಜಿದರೆ ಮತ್ತೆ ಉಬ್ಬುವುದಿಲ್ಲ, ಮೇಲಿನಿಂದ ನೋಡಿದರೆ ಅದು ಗೊತ್ತೂ ಆಗುವುದಿಲ್ಲ.

"ಸ್ಪೀಡ್ ಏನೂ ಇರಲಿಲ್ಲ ಅಣ್ಣ. ಚಾಸಿಗೆ ಏನೂ ಆಗಿರಲ್ಲ" ಎಂದು ಅವನು ಮೊದಲ ದಿನದಿಂದ ಹೇಳುತ್ತಿದ್ದ. ಬಿದ್ದವರೆಲ್ಲ ಹೇಳುವ ಮಾತು ಇದು. 1981ರಲ್ಲಿ ಸಂಶೋಧಕ ಹ್ಯಾರಿ ಹರ್ಟ್ ಅವರ ತಂಡ ಅಮೆರಿಕದಲ್ಲಿ 900 ಬೈಕ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸಿ ವರದಿ ಕೊಟ್ಟಿತ್ತು. ಇನ್ನೊಂದು ವಾಹನ ಸೇರಿದ್ದ ಅಪಘಾತಗಳಲ್ಲಿ ಮೂರರಲ್ಲಿ ಎರಡು ಪಾಲು ಇವನಿಗೆ ಆದಂಥವೇ. ಆ ವಾಹನದವರು ಬೈಕಿನ ದಾರಿಗೆ ಅಡ್ಡ ಬಂದಿದ್ದರು. ಅದೇ ವರದಿಯಲ್ಲಿ ಇನ್ನೊಂದು ಅಂಕಿ ಇದೆ. ಡಿಕ್ಕಿಯ ಹೊತ್ತಿಗೆ ಅರ್ಧದಷ್ಟು ಬೈಕುಗಳ ವೇಗ ಗಂಟೆಗೆ 21.5 ಮೈಲಿಗಿಂತ, ಅಂದರೆ ಸುಮಾರು 35 ಕಿ.ಮೀ.ಗಿಂತ ಕಡಿಮೆ ಇತ್ತು. ಪೇಟೆಯಲ್ಲಿ ನಾವು ಆರಾಮವಾಗಿ ಹೋಗುವ ವೇಗ ಅದು. ಬೈಕಿನ ಮುಂಭಾಗ ಬಾಗಲು ಅದಕ್ಕಿಂತ ಜಾಸ್ತಿ ಬೇಕಾಗಿಲ್ಲ.

ಬೋಲ್ಟ್ ಬಿಚ್ಚುವ ಮೊದಲು

ಬೈಕನ್ನು ಎಳೆದುಕೊಂಡು ಹೋದವರ ಯಾರ್ಡಿನಲ್ಲಿ ನಿಲ್ಲಿಸಿದ್ದರು. ಇಂಥ ಕಡೆ ಸಾಮಾನ್ಯವಾಗಿ ದಿನಕ್ಕಿಷ್ಟು ಎಂದು ಬಾಡಿಗೆ ಓಡುತ್ತಿರುತ್ತದೆ. ಸವಾರ ಆಸ್ಪತ್ರೆಯಲ್ಲಿದ್ದಾಗ ಇದು ಯಾರ ತಲೆಗೂ ಹೊಳೆಯುವುದಿಲ್ಲ. ಹಾಗಾಗಿ ಮೊದಲ ಕೆಲಸ, ಇನ್ಶೂರೆನ್ಸ್‌ನವರಿಗೆ ತಿಳಿಸಿ, ಅವರ ಒಪ್ಪಿಗೆ ಪಡೆದು ಬೈಕನ್ನು ನನ್ನ ಶೆಡ್ಡಿಗೆ ತಂದದ್ದು. ಬ್ಯಾಟರಿ ವೈರ್ ಕಳಚಿದೆವು. ಟ್ಯಾಂಕ್ ಸೋರುತ್ತಿಲ್ಲ ಎಂದು ನೋಡಿದೆವು. ಎಂಜಿನ್ ಸ್ಟಾರ್ಟ್ ಮಾಡಲಿಲ್ಲ. ತೊಳೆಯಲೂ ಇಲ್ಲ. ಸುತ್ತ ಫೋಟೋ ತೆಗೆದೆವು. ದೂರದಿಂದ, ಹತ್ತಿರದಿಂದ, ಓಡೋಮೀಟರ್, ಚಾಸಿ ನಂಬರ್, ಎಲ್ಲವನ್ನೂ.

ಇನ್ಶೂರೆನ್ಸ್ ಸರ್ವೇಯರ್ ನೋಡುವ ಮೊದಲು ಒಂದು ಬೋಲ್ಟನ್ನೂ ಬಿಚ್ಚಬಾರದು. ಬಿಚ್ಚಿದ ಬೈಕ್ ನೋಡಿದರೆ "ಇದು ಅಪಘಾತದಲ್ಲಿ ಆದದ್ದೋ, ನೀವು ಬಿಚ್ಚುವಾಗ ಆದದ್ದೋ" ಎಂಬ ಪ್ರಶ್ನೆ ಬರುತ್ತದೆ. ಆ ಪ್ರಶ್ನೆಗೆ ಉತ್ತರ ಕೊಡುವುದು ಕಷ್ಟ. ಅವರು ಬಂದರು, ಹೊರಗಿನಿಂದ ನೋಡಿದರು, ಪಟ್ಟಿ ಮಾಡಿಕೊಂಡರು. ಒಳಗೆ ಇನ್ನೂ ಏನಾದರೂ ಸಿಕ್ಕರೆ ಸೇರಿಸಬಹುದು ಅಂದರು. ಬಿಚ್ಚಲು ಒಪ್ಪಿಗೆಯನ್ನು ನಾವು ಬರಹದಲ್ಲಿ ಕೇಳಿದೆವು, ಕೊಟ್ಟರು.

ಕಣ್ಣಿಗೆ ಕಾಣುತ್ತಿದ್ದದ್ದು ಇಷ್ಟು. ಮುಂದಿನ ಚಕ್ರ ಹಿಂದಕ್ಕೆ ತಳ್ಳಿಕೊಂಡು ರೇಡಿಯೇಟರಿಗೆ ಕೂತಿತ್ತು. ರಿಮ್‌ನ ಅಂಚಿನಲ್ಲಿ ಬಿರುಕು. ಮುಂದಿನ ಚಕ್ರವನ್ನು ಎರಡೂ ಕಡೆ ಹಿಡಿಯುವ ಪೈಪುಗಳ ಜೋಡಿ, ಅಂದರೆ ಫೋರ್ಕ್, ಬಾಗಿತ್ತು. ಹೆಡ್‌ಲೈಟ್, ಮೀಟರ್, ಮುಂದಿನ ಪ್ಲಾಸ್ಟಿಕ್ ಎಲ್ಲ ಪುಡಿ. ಹ್ಯಾಂಡಲ್ ಹೊಡೆದು ಟ್ಯಾಂಕ್ ತಗ್ಗಾಗಿತ್ತು. ಬಲಗಡೆ ಫುಟ್‌ರೆಸ್ಟ್, ಬ್ರೇಕ್ ಪೆಡಲ್ ಮಡಚಿದ್ದವು. ಸೈಲೆನ್ಸರ್ ಮತ್ತು ಎಂಜಿನ್ ಕವರ್ ಉಜ್ಜಿದ್ದವು. ಹಿಂಭಾಗ ಮಾತ್ರ ಶೋರೂಮಿನಿಂದ ಬಂದಂತೆ ಇತ್ತು.

28 ಮತ್ತು 94

ಗ್ಯಾರೇಜಿನವರ 28ರಲ್ಲಿ ಏನಿತ್ತು? ಫೋರ್ಕ್ ಪೈಪಿನ ಬೆಂಡ್ ತೆಗೆಸುವುದು, ಸೆಕೆಂಡ್ ಹ್ಯಾಂಡ್ ಚಕ್ರ, ರಿಪೇರಿ ಮಾಡಿದ ರೇಡಿಯೇಟರ್, ಬೇರೆ ಯಾವುದೋ ಬೈಕಿನ ಗುಂಡು ಹೆಡ್‌ಲೈಟ್, ಟ್ಯಾಂಕಿಗೆ ಟಿಂಕರಿಂಗ್ ಮತ್ತು ಪೇಂಟ್. ಮೋಸದ ಪಟ್ಟಿ ಅಲ್ಲ ಅದು. ಬೈಕ್ ಓಡುವ ಹಾಗೆ ಮಾಡಿಕೊಡುತ್ತೇನೆ ಎಂಬುದಕ್ಕೆ ಆ ಬೆಲೆ.

ಕಂಪನಿಯವರ 94ರಲ್ಲಿ ಗೀಚಿದ ಪ್ರತಿಯೊಂದು ಭಾಗಕ್ಕೂ ಹೊಸದು. ಉಜ್ಜಿದ ಎಂಜಿನ್ ಕವರ್ ಹೊಸದು, ಸೈಲೆನ್ಸರ್ ಹೊಸದು, ಟ್ಯಾಂಕ್ ಹೊಸದು. ಮೊತ್ತದಲ್ಲಿ ಅರ್ಧದ ಹತ್ತಿರ ಬರೀ ಅಂದಕ್ಕೆ ಸಂಬಂಧಪಟ್ಟದ್ದು.

ಎರಡೂ ಪಟ್ಟಿಯಲ್ಲಿ ಒಂದು ಸಾಲು ಇರಲಿಲ್ಲ. ಚಾಸಿ ಅಳೆದು ನೋಡುವುದು. 28ರವರು ಚಾಸಿ ಸರಿ ಇದೆ ಎಂದು ಕಣ್ಣಳತೆಯಲ್ಲಿ ಹೇಳಿದರು. 94ರವರು "ಬಿಚ್ಚಿದ ಮೇಲೆ ನೋಡೋಣ" ಅಂದರು. ನನಗೆ ಉಳಿದ ಸಾಲುಗಳೆಲ್ಲ ಆಮೇಲಿನ ಮಾತು. ಚಾಸಿ ನೆಟ್ಟಗಿದ್ದರೆ 28 ಮತ್ತು 94ರ ನಡುವೆ ಎಲ್ಲೋ ಒಂದು ಒಳ್ಳೆಯ ರಿಪೇರಿ ಸಿಗುತ್ತದೆ. ಸೊಟ್ಟಗಿದ್ದರೆ ಆ ಎರಡು ಪಟ್ಟಿಗೂ ಬೆಲೆಯಿಲ್ಲ. ಆದ್ದರಿಂದ ಪಾರ್ಟ್ಸ್ ಆರ್ಡರ್ ಮಾಡುವ ಮೊದಲು ಅಳೆಯುವುದಕ್ಕೆ ಖರ್ಚು ಮಾಡೋಣ ಅಂದೆ. ಅದಕ್ಕೆ ಬೇಕಾದದ್ದು ಕೂಲಿ, ಸ್ವಲ್ಪ ತಾಳ್ಮೆ, ಇನ್ನೊಬ್ಬರ ಸಹಾಯ.

ಮುಂಭಾಗ ಬಿಚ್ಚಿದಾಗ

ಫೋರ್ಕಿನಿಂದ ಶುರು ಮಾಡಿದೆವು. ಬೈಕಿನ ಮುಂದಿನ ಚಕ್ರಕ್ಕೆ ಹಿಂದಕ್ಕೆ ಹೊಡೆತ ಬಿದ್ದರೆ ಫೋರ್ಕ್ ಪೈಪು ಸಾಮಾನ್ಯವಾಗಿ ಎರಡು ಪೈಪುಗಳನ್ನೂ ಬಿಗಿದು ಹಿಡಿಯುವ ಕೆಳಗಿನ ಕ್ಲ್ಯಾಂಪಿನ ಸ್ವಲ್ಪ ಕೆಳಗೆ ಬಾಗುತ್ತದೆ. ಇಲ್ಲೂ ಹಾಗೇ ಆಗಿತ್ತು. ಪೈಪ್ ಹೊರಗೆ ತೆಗೆದು ದಪ್ಪ ಗಾಜಿನ ಮೇಲೆ ಉರುಳಿಸಿದರೆ ಸಾಕು, ಕುಣಿತ ಕಾಣುತ್ತದೆ. ಹಲವು ಕಂಪನಿಗಳ ಸರ್ವೀಸ್ ಮ್ಯಾನುಯಲ್‌ಗಳಲ್ಲಿ ಫೋರ್ಕ್ ಪೈಪಿನ ಬಾಗಿಗೆ ಕೊಡುವ ಮಿತಿ 0.2 ಮಿ.ಮೀ. ನಮ್ಮದು ಅಳೆಯುವ ಅಗತ್ಯವೇ ಇಲ್ಲದಷ್ಟು ಬಾಗಿತ್ತು.

ಬೆಂಡ್ ತೆಗೆಯುವುದರ ಬಗ್ಗೆ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಅಲ್ಪಸ್ವಲ್ಪ ಬಾಗಿದ ಪೈಪನ್ನು ಪ್ರೆಸ್ಸಿನಲ್ಲಿಟ್ಟು ನೆಟ್ಟಗೆ ಮಾಡುವವರು ಇದ್ದಾರೆ, ಕೆಲಸ ಬಲ್ಲವರು ಚೆನ್ನಾಗಿಯೇ ಮಾಡುತ್ತಾರೆ. ಆದರೆ ಮೇಲಿನ ಗಟ್ಟಿ ಕ್ರೋಮ್ ಪದರ ಬಾಗಿ ನೆಟ್ಟಗಾಗುವಾಗ ಬಿರುಕು ಬಿಡಬಹುದು. ಆಮೇಲೆ ಅಲ್ಲಿ ತುಕ್ಕು, ಸೀಲ್ ಹರಿಯುವುದು, ಎಣ್ಣೆ ಸೋರುವುದು. ಮಡಿಕೆ ಬಿದ್ದ ಪೈಪನ್ನಂತೂ ಯಾರೂ ಮುಟ್ಟಬಾರದು. ನಮ್ಮ ಒಂದು ಪೈಪಿನ ಒಳಬಾಗಿನಲ್ಲಿ ಸಣ್ಣ ಮಡಿಕೆ ಇತ್ತು. ಅಲ್ಲಿಗೆ 28ರ ಪಟ್ಟಿಯ ಮೊದಲ ಸಾಲು ಬಿದ್ದುಹೋಯಿತು.

ಬಿಚ್ಚುವ ಮುನ್ನ ಇನ್ನೊಂದು ಪರೀಕ್ಷೆ ಮಾಡಿದ್ದೆವು. ಮುಂಭಾಗವನ್ನು ನೆಲದಿಂದ ಎತ್ತಿ ಹ್ಯಾಂಡಲನ್ನು ಎರಡು ಬೆರಳಿನಲ್ಲಿ ನಿಧಾನಕ್ಕೆ ತಿರುಗಿಸುವುದು. ನಡುವೆ ಬಂದಾಗ ಕಚ್ಚಿಕೊಂಡ ಹಾಗೆ ಆಗುತ್ತಿತ್ತು. ಹ್ಯಾಂಡಲ್ ತಿರುಗಲು ಇರುವ ಬೇರಿಂಗ್ ಜೋಡಿ, ಅಂದರೆ ಕೋನ್ ಸೆಟ್, ತೆಗೆದು ನೋಡಿದರೆ ಬೇರಿಂಗ್ ಓಡುವ ಜಾಗದಲ್ಲಿ ಸಣ್ಣ ಗುಳಿಗಳು ಬಿದ್ದಿದ್ದವು. ಅಷ್ಟು ಜೋರಿನ ಹೊಡೆತ ಅಲ್ಲಿಯವರೆಗೆ ಬಂದಿದೆ ಎಂದಾಯಿತು. ಕೋನ್ ಸೆಟ್ ದೊಡ್ಡ ಖರ್ಚಲ್ಲ. ಆದರೆ ಆ ಗುಳಿ ನೋಡಿದ ಮೇಲೆ ಅದರ ಹಿಂದಿನ ಲೋಹದ ಬಗ್ಗೆ ನನಗೆ ನಂಬಿಕೆ ಉಳಿಯಲಿಲ್ಲ.

ಟ್ಯಾಂಕ್ ಎತ್ತಿದೆವು. ಟಾರ್ಚ್ ಹಾಕಿ ಹ್ಯಾಂಡಲ್ ಕೂರುವ ಕೊಳವೆಯ ಸುತ್ತ ನೋಡಿದೆವು. ಚಕ್ರ ಹಿಂದಕ್ಕೆ ಒತ್ತಿದಾಗ ಫೋರ್ಕ್ ಸನ್ನೆಗೋಲಿನ ಹಾಗೆ ಮೀಟುತ್ತದೆ. ಕೊಳವೆಯ ತಳ ಹಿಂದಕ್ಕೆ, ತಲೆ ಮುಂದಕ್ಕೆ. ಹಾಗಾಗಿ ಎಂಜಿನ್ ಮುಂದೆ ಇಳಿಯುವ ಪೈಪು ಒತ್ತಿಕೊಳ್ಳುತ್ತದೆ, ಮೇಲಿನ ಪೈಪು ಎಳೆದುಕೊಳ್ಳುತ್ತದೆ. ಎಲ್ಲಿ ನೋಡಬೇಕು ಎಂಬುದು ಇದರಿಂದಲೇ ಗೊತ್ತಾಗುತ್ತದೆ. ಮೇಲಿನ ಪೈಪು ಕೊಳವೆಗೆ ಸೇರುವ ಬೆಸುಗೆಯ ಪಕ್ಕ ಪೇಂಟಿನಲ್ಲಿ ಕೂದಲಿನಷ್ಟು ಸಣ್ಣ ಗೆರೆಗಳು. ಇಳಿಯುವ ಪೈಪಿನ ಮೇಲ್ತುದಿಯಲ್ಲಿ ಬೆರಳಾಡಿಸಿದರೆ ಸಿಗುವ ಸಣ್ಣ ಉಬ್ಬು. ಕಣ್ಣಿಗಿಂತ ಬೆರಳಿಗೆ ಅದು ಚೆನ್ನಾಗಿ ಸಿಕ್ಕಿತು. ಪೇಂಟ್ ಕೆರೆದು, ಬಣ್ಣದ ದ್ರಾವಣ ಹಾಕಿ ಬಿರುಕು ಪರೀಕ್ಷೆ ಮಾಡಿದೆವು. ಬೆಸುಗೆ ಬಿರಿದಿರಲಿಲ್ಲ. ಪೇಂಟ್ ಮಾತ್ರ ಬಿರಿದಿತ್ತು. ಲೋಹ ಸರಿದಿದೆ, ಒಡೆದಿಲ್ಲ.

ಎಷ್ಟು ಸರಿದಿದೆ?

ಚಾಸಿಯನ್ನು ಬಿಗಿದು ಅಳೆಯುವ ಕಟ್ಟು, ಅಂದರೆ ಜಿಗ್, ಇರುವ ಕಡೆ ಒಯ್ಯುವ ಮೊದಲು ನಾವೇ ಒಂದು ಅಂದಾಜು ಮಾಡಿಕೊಂಡೆವು. ಹಳೆ ಬೈಕ್ ಭಾಗ ಮಾರುವವರಿಂದ ಅದೇ ಮಾದರಿಯ ಫೋರ್ಕ್ ಮತ್ತು ಕ್ಲ್ಯಾಂಪ್ ಜೋಡಿಯನ್ನು ವಾಪಸ್ ಕೊಡುವ ಮಾತಿನ ಮೇಲೆ ತಂದೆವು. ಗಾಜಿನ ಮೇಲೆ ಉರುಳಿಸಿ ಅದು ನೆಟ್ಟಗಿದೆ ಎಂದು ಖಚಿತ ಮಾಡಿಕೊಂಡೆವು. ಚಕ್ರವೂ ಅಲ್ಲಿಂದಲೇ ಬಂತು. ಅದೇ ಮಾದರಿಯ, ಎಂದೂ ಬೀಳದ ಒಂದು ಬೈಕನ್ನು ಪರಿಚಯದವರಿಂದ ತಂದು ಪಕ್ಕದಲ್ಲಿ ನಿಲ್ಲಿಸಿದೆವು. ಈ ಪಕ್ಕದ ಬೈಕ್ ಬಹಳ ಮುಖ್ಯ. ನೆಲ ಓರೆ ಇರಬಹುದು, ಸಸ್ಪೆನ್ಶನ್ ಕೂತಿರಬಹುದು, ಅಳತೆಯ ಸಾಧನ ಸ್ವಲ್ಪ ತಪ್ಪಿರಬಹುದು. ಎರಡನ್ನೂ ಒಂದೇ ರೀತಿ ಅಳೆದರೆ ಆ ತಪ್ಪುಗಳೆಲ್ಲ ಎರಡರಲ್ಲೂ ಒಂದೇ ಇರುತ್ತವೆ, ವ್ಯತ್ಯಾಸ ಮಾತ್ರ ಉಳಿಯುತ್ತದೆ.

ಹಿಂದಿನ ಚಕ್ರವನ್ನು ನೆಟ್ಟಗೆ ನಿಲ್ಲಿಸಿ, ಅದರ ಬ್ರೇಕ್ ಡಿಸ್ಕಿಗೆ ಡಿಜಿಟಲ್ ಕೋನಮಾಪಕ ಹಿಡಿದು ಸೊನ್ನೆ ಮಾಡಿದೆವು. ಹ್ಯಾಂಡಲ್ ನೇರ ಇಟ್ಟು ಮುಂದಿನ ಡಿಸ್ಕಿಗೆ ಹಿಡಿದೆವು. ಒಳ್ಳೆಯ ಬೈಕಿನಲ್ಲಿ ಸೊನ್ನೆಯ ಆಸುಪಾಸು. ನಮ್ಮದರಲ್ಲಿ ಒಂದು ಡಿಗ್ರಿಗೂ ಸ್ವಲ್ಪ ಜಾಸ್ತಿ. ಹಿಂದಿನ ಚಕ್ರ ನೆಟ್ಟಗೆ ನಿಂತರೆ ಮುಂದಿನದು ವಾಲಿ ನಿಲ್ಲುತ್ತಿತ್ತು. ಕಾರಿಗೆ ಓರೆಯಾಗಿ ಹೊಡೆದದ್ದಕ್ಕೆ ಇದು ಸರಿ ಹೊಂದುತ್ತದೆ. ಕೊಳವೆ ಹಿಂದಕ್ಕೆ ಮಡಚಿದ್ದಷ್ಟೇ ಅಲ್ಲ, ತಿರುಚಿಯೂ ಇತ್ತು.

ಆಮೇಲೆ ಫೋರ್ಕಿನ ಓರೆ. ಒಳ್ಳೆಯ ಬೈಕಿನಲ್ಲಿ 25 ಡಿಗ್ರಿ, ನಮ್ಮದರಲ್ಲಿ 23.5. ಒಂದೂವರೆ ಡಿಗ್ರಿ ಎಂದರೆ ಏನು ಮಹಾ ಅನ್ನಿಸಬಹುದು. ಚಕ್ರದ ತ್ರಿಜ್ಯ 300 ಮಿ.ಮೀ., ಕ್ಲ್ಯಾಂಪಿನ ಆಫ್‌ಸೆಟ್ (ಸ್ಟೀರಿಂಗ್‌ನ ಅಕ್ಷದಿಂದ ಫೋರ್ಕ್ ಎಷ್ಟು ಮುಂದಿದೆ ಎಂಬುದು) 30 ಮಿ.ಮೀ. ಎಂದು ಹಿಡಿದು ಲೆಕ್ಕ ಹಾಕಿದರೆ ಟ್ರೇಲ್ 107ರಿಂದ 98 ಮಿ.ಮೀ.ಗೆ ಇಳಿಯುತ್ತದೆ. ಸ್ಟೀರಿಂಗ್‌ನ ಅಕ್ಷವನ್ನು ನೆಲದವರೆಗೆ ಎಳೆದರೆ ಅದು ಮುಟ್ಟುವ ಜಾಗಕ್ಕೂ ಟೈರ್ ನೆಲ ಮುಟ್ಟುವ ಜಾಗಕ್ಕೂ ಇರುವ ಅಂತರವೇ ಟ್ರೇಲ್. ಚಕ್ರ ತಾನೇ ನೇರಕ್ಕೆ ಮರಳುವುದು ಮುಖ್ಯವಾಗಿ ಇದರಿಂದ.

ನಿಜ ಹೇಳಬೇಕೆಂದರೆ 98 ನನ್ನನ್ನು ಹೆದರಿಸಲಿಲ್ಲ. ಆ ಅಳತೆಯ ಬೈಕುಗಳು ಕಾರ್ಖಾನೆಯಿಂದಲೇ ಬರುತ್ತವೆ, ಚೆನ್ನಾಗಿಯೇ ಓಡುತ್ತವೆ. ನನಗೆ ತೊಂದರೆ ಕೊಟ್ಟದ್ದು ತಿರುಚು. ಎರಡು ಚಕ್ರ ಎರಡು ಕಡೆ ವಾಲಿದ ಬೈಕ್ ಕೈ ಬಿಟ್ಟರೆ ಒಂದು ಪಕ್ಕಕ್ಕೆ ಎಳೆಯುತ್ತದೆ. ಎಡಕ್ಕೆ ತಿರುಗುವಾಗ ಒಂದು ಥರ, ಬಲಕ್ಕೆ ಇನ್ನೊಂದು ಥರ. ಸವಾರ ಒಂದು ತಿಂಗಳಲ್ಲಿ ಅದಕ್ಕೆ ಹೊಂದಿಕೊಂಡುಬಿಡುತ್ತಾನೆ. ಹೊಂದಿಕೊಂಡ ಮೇಲೆ ಅದು ಸಮಸ್ಯೆ ಎಂದೇ ಅನ್ನಿಸುವುದಿಲ್ಲ, ತುರ್ತಾಗಿ ಬ್ರೇಕ್ ಹಿಡಿಯುವ ದಿನದವರೆಗೆ.

ಎಂಜಿನ್

ಇದು ಬೇಗ ಮುಗಿಯಿತು. ಬೈಕ್ ಬಿದ್ದ ಕೂಡಲೇ ಸೆನ್ಸರ್ ಎಂಜಿನನ್ನು ನಿಲ್ಲಿಸಿತ್ತು. ಮಲಗಿದ್ದಾಗ ಏರ್ ಫಿಲ್ಟರ್ ಕೂರುವ ಡಬ್ಬಿಗೆ ಬಂದಿದ್ದ ಎಣ್ಣೆ ಒರೆಸಿ, ಸ್ಪಾರ್ಕ್ ಪ್ಲಗ್ ತೆಗೆದು ಕೈಯಲ್ಲೇ ತಿರುಗಿಸಿ ಸಿಲಿಂಡರಿನಲ್ಲಿ ದ್ರವ ಇಲ್ಲ ಎಂದು ನೋಡಿ, ಕಂಪ್ರೆಶನ್ ಅಳೆದೆವು. ಎರಡೂ ಕಡೆ ಚೆನ್ನಾಗಿತ್ತು. ರೇಡಿಯೇಟರ್ ಇಲ್ಲದ ಕಾರಣ ಕೆಲವೇ ಸೆಕೆಂಡ್ ಓಡಿಸಿದೆವು. ಸದ್ದು ಸರಿ ಇತ್ತು. ಗೇರ್ ಶಾಫ್ಟ್ ನೆಟ್ಟಗಿತ್ತು. ಸ್ಟೀರಿಂಗ್ ಹತ್ತಿರ ವೈರಿಂಗ್ ಒಂದು ಕಡೆ ಜಜ್ಜಿತ್ತು, ಎಬಿಎಸ್ ಸೆನ್ಸರ್ ವೈರ್ ತುಂಡಾಗಿತ್ತು. ಹಿಂದಿನ ಚಕ್ರ, ಅದನ್ನು ಹಿಡಿಯುವ ಸ್ವಿಂಗ್ ಆರ್ಮ್, ಸೀಟಿನ ಕೆಳಗಿನ ಚೌಕಟ್ಟು ಎಲ್ಲ ಅಳತೆಗೆ ಸರಿ.

ಅಂದರೆ ಎಂಜಿನ್ ಒಳ್ಳೆಯದು, ಹಿಂಭಾಗ ಒಳ್ಳೆಯದು. ನಡುವಿನ ಉಕ್ಕು ಸೊಟ್ಟ.

ಚಾಸಿಗೆ ಏನು ಮಾಡಬಹುದಿತ್ತು

ಅಲ್ಯೂಮಿನಿಯಂ ಚಾಸಿ ಆಗಿದ್ದರೆ ನಾನು ಇಲ್ಲೇ ನಿಲ್ಲಿಸುತ್ತಿದ್ದೆ. ಅದು ಬಾಗಿದರೆ ಮತ್ತೆ ಬಾಗಿಸುವಾಗ ಬಿರುಕು ಬಿಡುವ ಅಪಾಯ ಜಾಸ್ತಿ, ಬೆಸುಗೆ ಹಾಕಿದರೆ ಶಾಖಕ್ಕೆ ಅದರ ಗಟ್ಟಿತನವೂ ಹೋಗುತ್ತದೆ. ಉಕ್ಕಿನ ಪೈಪು ಅಷ್ಟು ಮೊಂಡಲ್ಲ. ಜಿಗ್‌ನಲ್ಲಿ ಕಟ್ಟಿ, ಅಳೆಯುತ್ತಾ ಎಳೆದರೆ ಒಂದೂವರೆ ಡಿಗ್ರಿ ವಾಪಸ್ ಬರುತ್ತದೆ. ಈ ಕೆಲಸ ಬಲ್ಲ ಒಬ್ಬರ ಹತ್ತಿರ ಫೋಟೋ ಮತ್ತು ಅಳತೆ ಕಳಿಸಿ ಕೇಳಿದೆವು. ಆಗುತ್ತದೆ ಅಂದರು. ಜೊತೆಗೆ ಒಂದು ಮಾತು ಸೇರಿಸಿದರು. ಇಳಿಯುವ ಪೈಪಿನ ಉಬ್ಬು ಹಾಗೇ ಉಳಿಯುತ್ತದೆ, ಅದು ಬೇಡ ಎಂದರೆ ಆ ತುಂಡು ಕತ್ತರಿಸಿ ಹೊಸ ಪೈಪ್ ಬೆಸೆಯಬೇಕು. ಅವರು ಹೇಳಿದ ಬೆಲೆ 12.

ಹೊಸ ಚಾಸಿಗೆ 35 ಆಗುತ್ತಿತ್ತು. ಜೊತೆಗೆ ಇಡೀ ಬೈಕ್ ಬಿಚ್ಚಿ ಕಟ್ಟುವ ಕೂಲಿ. ಇನ್ನೊಂದು ತೊಡಕು, ವಾಹನದ ಗುರುತಿನ ಸಂಖ್ಯೆ ಕೊರೆದಿರುವುದು ಸಾಮಾನ್ಯವಾಗಿ ಆ ಹ್ಯಾಂಡಲ್ ಕೊಳವೆಯ ಮೇಲೇ. ಚಾಸಿ ಬದಲಾಯಿಸಿದರೆ ನೋಂದಣಿ ಕಾಗದಕ್ಕೂ ಬೈಕಿಗೂ ತಾಳೆಯಾಗುವುದಿಲ್ಲ. ಅದನ್ನು ಸರಿಪಡಿಸುವ ದಾರಿ ಎಲ್ಲ ಕಡೆ ಇದ್ದೀತು, ಸುಲಭದ ದಾರಿ ಅಲ್ಲ. ಸೆಕೆಂಡ್ ಹ್ಯಾಂಡ್ ಚಾಸಿಯ ಮಾತಂತೂ ಬೇಡವೇ ಬೇಡ. ಅದು ಯಾವ ಬೈಕಿನದು, ಆ ಬೈಕ್ ಯಾರದು ಎಂಬ ತಲೆನೋವು ಸುಮ್ನೆ ಯಾಕೆ?

ಹಾಗಾದರೆ ಸರಿಯಾದ ರಿಪೇರಿಗೆ ಎಷ್ಟು? ಚಾಸಿ ನೆಟ್ಟಗೆ ಮಾಡಲು 12. ಸೆಕೆಂಡ್ ಹ್ಯಾಂಡ್ ಫೋರ್ಕ್ ಮತ್ತು ಕ್ಲ್ಯಾಂಪ್ 14. ಚಕ್ರ 6. ಡಿಸ್ಕ್, ಕೋನ್ ಸೆಟ್, ಸೀಲ್, ಬ್ರೇಕ್ ಹೋಸ್ ಹೊಸದೇ ಬೇಕು, 5. ರೇಡಿಯೇಟರ್ 6. ಹೆಡ್‌ಲೈಟ್, ಮೀಟರ್, ಪ್ಲಾಸ್ಟಿಕ್ 11. ಟ್ಯಾಂಕ್ 4. ಟೈರ್, ಹ್ಯಾಂಡಲ್, ಲಿವರ್, ಪೆಡಲ್ 4. ಕೂಲಿ 10. ಒಟ್ಟು 72. ಬಿಚ್ಚಿದ ಮೇಲೂ ಅಡಗಿರುವುದಕ್ಕೆ 8 ಸೇರಿಸಿದೆ. 80. ಇಂಥ ಕೆಲಸದಲ್ಲಿ ಪಟ್ಟಿ ಮಾಡಿದ್ದಕ್ಕಿಂತ ಕಡಿಮೆ ಖರ್ಚಾದದ್ದನ್ನು ನಾನು ನೋಡಿಲ್ಲ.

ಇನ್ಶೂರೆನ್ಸ್‌ನವರ ಜೊತೆ

ಕಂಪನಿಯವರ 94 ಪಟ್ಟಿ ನೋಡಿ ಸರ್ವೇಯರ್ ಟೋಟಲ್ ಲಾಸ್ ಎಂದು ಬರೆದರು. ರಿಪೇರಿ ವೆಚ್ಚ ಬೈಕಿನ ಬೆಲೆಯ ಒಂದು ಮಿತಿ ದಾಟಿದರೆ ಹೀಗೆ ಮಾಡುತ್ತಾರೆ. ಆ ಮಿತಿ ದೇಶಕ್ಕೊಂದು, ಪಾಲಿಸಿಗೊಂದು ಇರುತ್ತದೆ. ಟೋಟಲ್ ಲಾಸ್ ಎಂದರೆ ಬೈಕ್ ಸರಿಯಾಗುವುದೇ ಇಲ್ಲ ಎಂದಲ್ಲ, ಸರಿ ಮಾಡಿಸುವುದು ಅವರಿಗೆ ಲಾಭವಲ್ಲ ಎಂದಷ್ಟೇ. ಪ್ಲಾಸ್ಟಿಕ್ ಜಾಸ್ತಿ ಇರುವ ಬೈಕ್ ಚಾಸಿಗೆ ಏನೂ ಆಗದೆಯೂ ಟೋಟಲ್ ಲಾಸ್ ಆಗುತ್ತದೆ. ಮೇಲೆ ಪ್ಲಾಸ್ಟಿಕ್ ಹೊದಿಕೆ ಇಲ್ಲದ ಬೈಕ್ ಚಾಸಿ ಹೋಗಿದ್ದರೂ ಕಡಿಮೆ ಅಂದಾಜಿನಲ್ಲಿ ರಿಪೇರಿಗೆ ಪಾಸ್ ಆಗುತ್ತದೆ. ಈ ಎರಡನೆಯದು ನನಗೆ ಹೆಚ್ಚು ಭಯ.

ಅವರು ಬೈಕಿಗೆ ಕಟ್ಟಿದ ಮೊದಲ ಬೆಲೆ 86. ತಮ್ಮನಿಗೆ ಸಿಟ್ಟು ಬಂತು. ಸಿಟ್ಟಿನಿಂದ ಏನೂ ಆಗುವುದಿಲ್ಲ, ಕಾಗದದಿಂದ ಆಗುತ್ತದೆ. ಸರ್ವೀಸ್ ಬಿಲ್ಲುಗಳ ಕವರ್ ಇಲ್ಲಿ ಉಪಯೋಗಕ್ಕೆ ಬಂತು. ಅದೇ ಮಾದರಿ, ಅದೇ ವರ್ಷ, ಸುಮಾರು ಅಷ್ಟೇ ಓಡಿದ ಬೈಕುಗಳ ಮಾರಾಟದ ಜಾಹೀರಾತುಗಳನ್ನು ಸೇರಿಸಿದೆವು. 95ಕ್ಕೆ ಒಪ್ಪಿದರು. ಇಲ್ಲಿ ಒಂದು ಸೂಕ್ಷ್ಮ ಇದೆ. ಬೈಕಿನ ಬೆಲೆ ಏರಿದರೆ ರಿಪೇರಿ ವೆಚ್ಚದ ಶೇಕಡಾವಾರು ಇಳಿಯುತ್ತದೆ. ಮಿತಿಯ ಅಂಚಿನಲ್ಲಿರುವ ಬೈಕಿನ ಬೆಲೆಗೆ ಜಗಳವಾಡಿ ಗೆದ್ದರೆ ಟೋಟಲ್ ಲಾಸ್ ಹೋಗಿ ರಿಪೇರಿಗೆ ಬಂದು ಬೀಳಬಹುದು. ನಮ್ಮದು ಅಂಚಿನಲ್ಲಿರಲಿಲ್ಲ.

ನಮ್ಮ ಕೈಯಿಂದ ಹೋಗಬೇಕಾದ ಪಾಲು 4 ಕಳೆದು, ಬೈಕ್ ಅವರಿಗೇ ಬಿಟ್ಟುಕೊಟ್ಟರೆ ಕೈಗೆ 91. ಬೈಕ್ ನಾವೇ ಇಟ್ಟುಕೊಂಡರೆ ಅದರ ಗುಜರಿ ಬೆಲೆ ಎಂದು 22 ಹಿಡಿದು ಕೈಗೆ 69. ಆ 4ನ್ನು ಮತ್ತು ಹೆಲ್ಮೆಟ್, ಜಾಕೆಟ್‌ನ ಬೆಲೆಯನ್ನು ಕಾರಿನವರ ಇನ್ಶೂರೆನ್ಸ್‌ನಿಂದ ಕೇಳುವುದು ಬೇರೆ ಕಡತ, ಅದು ಬೇರೆಯೇ ನಡೆಯಿತು.

ಮೂರು ದಾರಿ

ಇಟ್ಟುಕೊಂಡು ಸರಿ ಮಾಡಿಸಿದರೆ: ಕೈಗೆ 69, ಖರ್ಚು 80, ಕೊನೆಗೆ ಟೋಟಲ್ ಲಾಸ್ ಗುರುತು ಬಿದ್ದ, ಚಾಸಿ ಎಳೆದ ಬೈಕ್. ಅದನ್ನು ಇದ್ದದ್ದು ಇದ್ದ ಹಾಗೆ ಹೇಳಿ ಮಾರಿದರೆ 68 ಬಂದರೆ ಹೆಚ್ಚು. ಅಂದರೆ ನಿವ್ವಳ 57. ಬಿಟ್ಟುಕೊಟ್ಟರೆ 91. ವ್ಯತ್ಯಾಸ 34.

"ನೀನು ಅದನ್ನು ಮಾರಲ್ಲ ಅಂತ ಗೊತ್ತು. ಆದರೂ ಆ ಪ್ರೀತಿಗೆ 34 ಕೊಡ್ತೀಯಾ?" ಎಂದು ಕೇಳಿದೆ. ತಮಾಷೆಗೆ ಕೇಳಿದ್ದಲ್ಲ. ಕೊಡುತ್ತೇನೆ ಎನ್ನುವುದೂ ಒಪ್ಪತಕ್ಕ ಉತ್ತರವೇ. ಚಾಸಿ ನೆಟ್ಟಗಿದ್ದಿದ್ದರೆ 12 ಉಳಿಯುತ್ತಿತ್ತು, ಮನಸ್ಸಿಗೂ ನೆಮ್ಮದಿ ಇರುತ್ತಿತ್ತು. ಆಗ ನಾನೇ ಸರಿ ಮಾಡಿಸು ಎನ್ನುತ್ತಿದ್ದೆ. ಅವನು ತಕ್ಷಣ ಉತ್ತರ ಕೊಡಲಿಲ್ಲ. ಶೆಡ್ಡಿಗೆ ಬಂದು, ಒಳ್ಳೆ ಕೈಯಲ್ಲಿ ಕೋನಮಾಪಕ ಹಿಡಿದು ಎರಡೂ ಬೈಕಿನ ಡಿಸ್ಕಿಗೆ ತಾನೇ ಹಿಡಿದು ನೋಡಿದ. ಆಮೇಲೆ ರಿಪೇರಿಯ ಮಾತು ಎತ್ತಲಿಲ್ಲ. ನಾನು ಹೇಳಿದ್ದಕ್ಕಿಂತ ಆ ಪರದೆಯ ಮೇಲಿನ ಅಂಕಿ ಅವನಿಗೆ ಹೆಚ್ಚು ತಿಳಿಸಿತು.

ಇನ್ನು ಉಳಿದದ್ದು ಬಿಡಿಭಾಗ ಮಾಡಿ ಮಾರುವುದು. ಕಾಗದದ ಮೇಲೆ ಇದೇ ಗೆಲ್ಲುತ್ತದೆ. ಎಂಜಿನ್ ಒಂದಕ್ಕೇ 20 ಬರುತ್ತಿತ್ತು. ಹಿಂದಿನ ಚಕ್ರ, ಸ್ವಿಂಗ್ ಆರ್ಮ್, ಶಾಕ್, ಸೀಟು, ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ (ಇಸಿಯು) ಎಲ್ಲ ಸೇರಿ ಇನ್ನೊಂದು 20. 69ಕ್ಕೆ 40 ಸೇರಿದರೆ 109. ಬಿಟ್ಟುಕೊಡುವುದಕ್ಕಿಂತ 18 ಜಾಸ್ತಿ. ನನ್ನ ಒಲವು ಇತ್ತ ಕಡೆಗೇ ಇತ್ತು. ಬಿಚ್ಚುವುದು ನನಗೆ ಇಷ್ಟದ ಕೆಲಸ, ಶೆಡ್ಡಿನಲ್ಲಿ ಜಾಗ ಇತ್ತು.

ಅವನ ವಾದ ಬೇರೆ. ಎಂಜಿನ್ ಮೊದಲ ವಾರದಲ್ಲೇ ಹೋಗುತ್ತದೆ, ಉಳಿದದ್ದು ವರ್ಷಗಟ್ಟಲೆ ಡಬ್ಬಿಯಲ್ಲಿರುತ್ತದೆ. ಪ್ರತಿಯೊಂದಕ್ಕೂ ಫೋನು, ಚೌಕಾಸಿ, ಪ್ಯಾಕಿಂಗ್, "ಇದು ನನ್ನ ಬೈಕಿಗೆ ಕೂರುತ್ತಿಲ್ಲ" ಎಂಬ ದೂರು. ಭುಜ ಕೂಡಿಕೊಳ್ಳುವವರೆಗೆ ಅವನು ಒಂದು ಸ್ಪ್ಯಾನರ್ ಹಿಡಿಯುವ ಹಾಗಿರಲಿಲ್ಲ. ನೋಂದಣಿ ರದ್ದು ಮಾಡಿಸಿ, ಚಾಸಿಯನ್ನು ಕತ್ತರಿಸಿ ಗುಜರಿಗೆ ಹಾಕುವ ಜವಾಬ್ದಾರಿಯೂ ಅವನದೇ. "ಅಣ್ಣ, ಈ 18 ನಿನ್ನ ಕೂಲಿ. ನನ್ನ ಲಾಭ ಅಲ್ಲ" ಅಂದ. ಲೆಕ್ಕ ಸರಿ ಇತ್ತು. ನನ್ನ ಶೆಡ್ಡು, ನನ್ನ ಭಾನುವಾರಗಳು ಆ ಹಾಳೆಯಲ್ಲಿ ಇರಲೇ ಇಲ್ಲ.

ಬಿಟ್ಟುಕೊಡುವುದು ಹೇಗೆ

91 ತೆಗೆದುಕೊಂಡು ಬೈಕ್ ಬಿಡುವುದು ಎಂದಾಯಿತು. ಅಲ್ಲಿ ನನಗೊಂದು ಚಿಂತೆ ಇತ್ತು. ಇನ್ಶೂರೆನ್ಸ್‌ನವರು ಇಂಥ ಬೈಕುಗಳನ್ನು ಹರಾಜಿಗೆ ಹಾಕುತ್ತಾರೆ. ಕೊಂಡವರು 28ರ ಪಟ್ಟಿಯ ಹಾಗೆ ಫೋರ್ಕ್ ಹಾಕಿ, ಪೇಂಟ್ ಹೊಡೆದು ಮಾರಿದರೆ? ವಾಲಿದ ಚಕ್ರದ ಬೈಕ್ ಇನ್ಯಾರದೋ ಕೈಗೆ ಹೋಗುತ್ತದೆ. ಇದಕ್ಕೆಂದೇ ಕೆಲವು ದೇಶಗಳಲ್ಲಿ ಗುರುತು ಹಾಕುವ ಪದ್ಧತಿ ಇದೆ. ಬ್ರಿಟನ್‌ನಲ್ಲಿ 2017ರಿಂದ ಟೋಟಲ್ ಲಾಸ್ ವಾಹನಗಳನ್ನು ನಾಲ್ಕು ಗುಂಪು ಮಾಡುತ್ತಾರೆ. 'ಎ' ಪೂರ್ತಿ ಜಜ್ಜಿ ಹಾಕಬೇಕಾದದ್ದು. 'ಬಿ' ಬಿಡಿಭಾಗ ಬಳಸಬಹುದು, ವಾಹನ ರಸ್ತೆಗೆ ಬರುವಂತಿಲ್ಲ. 'ಎಸ್' ಎಂದರೆ ಚೌಕಟ್ಟಿಗೆ ಪೆಟ್ಟು, 'ಎನ್' ಎಂದರೆ ಚೌಕಟ್ಟಿಗೆ ಪೆಟ್ಟಿಲ್ಲ. ಕೊನೆಯ ಎರಡನ್ನು ಸರಿ ಮಾಡಿ ಓಡಿಸಬಹುದು. ಹಳೆಯ ಗುಂಪುಗಳಲ್ಲಿ ರಿಪೇರಿಯ ಖರ್ಚಿಗೆ ತೂಕ ಜಾಸ್ತಿ ಇತ್ತು. ಹೊಸದರಲ್ಲಿ ಪೆಟ್ಟು ಎಲ್ಲಿ ಬಿದ್ದಿದೆ ಎಂಬುದಕ್ಕೆ ತೂಕ. ಒಳ್ಳೆಯ ಬದಲಾವಣೆ ಎಂದು ನನಗನ್ನಿಸುತ್ತದೆ.

ನಾವು ಮಾಡಿದ್ದು ಇಷ್ಟು. ಎರಡೂ ಬೈಕಿನ ಅಳತೆ, ಪೇಂಟ್ ಗೆರೆಗಳ ಫೋಟೋ, ಉಬ್ಬಿನ ಫೋಟೋ, ಜಿಗ್‌ನವರ ಉತ್ತರ, ಎಲ್ಲವನ್ನೂ ಒಂದು ಪತ್ರದ ಜೊತೆ ಸರ್ವೇಯರಿಗೆ ಕೊಟ್ಟು, ಚಾಸಿಗೆ ಹಾನಿಯಾಗಿದೆ ಎಂದು ವರದಿಯಲ್ಲಿ ಸೇರಿಸಲು ಕೇಳಿದೆವು. ಸೇರಿಸಿದರು. ಗುಜರಿ ಬೆಲೆ ಇದರಿಂದ ಇಳಿದಿರಬಹುದು. ಅದು ಈಗ ಅವರ ಲೆಕ್ಕ.

ಬೆಲೆಗೆ ಒಪ್ಪಿ ಸಹಿ ಹಾಕುವ ಮೊದಲೇ, ಅವನು ಹೊರಗಿನಿಂದ ಹಾಕಿಸಿಕೊಂಡಿದ್ದ ಲಗೇಜ್ ರ‍್ಯಾಕ್ ಮತ್ತು ಫಾಗ್ ಲ್ಯಾಂಪುಗಳನ್ನು ಬಿಚ್ಚಿಕೊಳ್ಳುತ್ತೇವೆ ಎಂದು ತಿಳಿಸಿದ್ದೆವು. ಅವು ಪಾಲಿಸಿಯಲ್ಲಿ ಇರಲಿಲ್ಲ, ಬೆಲೆ ಕಟ್ಟುವಾಗಲೂ ಸೇರಿರಲಿಲ್ಲ. ಸಹಿ ಆದ ಮೇಲೆ ಬಿಚ್ಚಿದರೆ ಅದು ಅವರ ಸೊತ್ತಿಗೆ ಕೈ ಹಾಕಿದ ಹಾಗೆ. ಬಿಚ್ಚಿದ ಮುಂಭಾಗವನ್ನು ಹಳೆಯ ಬಾಗಿದ ಫೋರ್ಕಿನ ಜೊತೆಗೇ ಕಟ್ಟಿ ಕಳಿಸಿದೆವು. ತಂದಿದ್ದ ಫೋರ್ಕ್ ಮತ್ತು ಚಕ್ರ ಹಿಂದಿರುಗಿಸಿದೆವು.

ಹಣ ಬಂದ ಮೇಲೂ ಅವನಿಗೆ ಒಂದು ಕೆಲಸ ಉಳಿದಿತ್ತು. ನೋಂದಣಿಯಲ್ಲಿ ಬೈಕ್ ಇನ್ನೂ ಅವನ ಹೆಸರಿನಲ್ಲೇ ಇತ್ತು. ಹಸ್ತಾಂತರದ ಕಾಗದ ದಾಖಲಾಗುವವರೆಗೆ ಆ ನಂಬರಿನ ಮೇಲೆ ಬರುವ ದಂಡ, ನೋಟಿಸು, ಇನ್ನೊಂದು ಅಪಘಾತದ ಪ್ರಶ್ನೆ ಎಲ್ಲ ಅವನ ಬಾಗಿಲಿಗೇ ಬರುತ್ತವೆ. ಇನ್ಶೂರೆನ್ಸ್‌ನವರು ಮಾಡುತ್ತಾರೆ ಎಂದು ಅವನು ಕೂರಲಿಲ್ಲ. ಎರಡು ಸಲ ಹೋಗಿ ವಿಚಾರಿಸಿ, ಹೆಸರು ಬದಲಾದ ಕಾಗದ ಕೈಗೆ ಸಿಕ್ಕ ಮೇಲೆ ಅದನ್ನು ಸರ್ವೀಸ್ ಬಿಲ್ಲುಗಳ ಕವರಿಗೆ ಸೇರಿಸಿದ. ಪಾಲಿಸಿಯಲ್ಲಿ ಉಳಿದಿದ್ದ ಅವಧಿಗೆ ಏನಾದರೂ ವಾಪಸ್ ಬರುತ್ತದಾ ಎಂದು ಕೇಳಿದ. ಟೋಟಲ್ ಲಾಸ್ ಹಣ ಕೊಟ್ಟ ಮೇಲೆ ಪಾಲಿಸಿ ಅಲ್ಲಿಗೇ ಮುಗಿಯಿತು, ಏನೂ ಬರುವುದಿಲ್ಲ ಎಂಬ ಉತ್ತರ ಬಂತು.